ಬದಲಿ ಎಂಜಿನ್ ಇಷ್ಟು ಬೇಗ ಕೈಕೊಟ್ಟರೆ

ಮೂರು ತಿಂಗಳ ಹಿಂದೆ ಹಾಕಿಸಿದ ಬದಲಿ ಎಂಜಿನ್ನಿನ ಕೆಳಭಾಗದಿಂದ ಬಡಿಯುವ ಸದ್ದು ಬರುತ್ತಿದೆ, ಆಯಿಲ್ ಲೈಟೂ ಹೊತ್ತಿಕೊಂಡಿದೆ, ಮೆಕ್ಯಾನಿಕ್ ಬಿಚ್ಚಿ ನೋಡೋಣ ಅಂತಿದ್ದಾರೆ, ಬಿಡಲಾ ಅಂತ ಕೇಳಿದ್ದೀರಿ. ಈಗಲೇ ಬೇಡ. ಗಾಡಿ ಸ್ಟಾರ್ಟ್ ಕೂಡ ಮಾಡಬೇಡಿ, ಎಳೆಸಿಕೊಂಡೇ ಹೋಗಿ.

ಮೊದಲು ಎಂಜಿನ್ ಮಾರಿದವರಿಗೂ ಕೂರಿಸಿದವರಿಗೂ ಬರಹದಲ್ಲಿ ದೂರು ಕೊಡಿ. ಅವರನ್ನು ಕೇಳದೆ ಬಿಚ್ಚಿದರೆ ವಾರಂಟಿ ಇಲ್ಲ ಎನ್ನಲು ಒಂದು ನೆಪ ಸಿಗುತ್ತದೆ. ಬಿಲ್, ಆಯಿಲ್ ಬದಲಿಸಿದ ರಸೀದಿ, ಈಗಿನ ಕಿಲೋಮೀಟರ್ ರೀಡಿಂಗಿನ ಫೋಟೋ ಎಲ್ಲ ಜೋಡಿಸಿಡಿ. ಕೆಲವರು ಎಂಜಿನ್ ಮೇಲೆ ಬಿಲ್ಲೆಯಂಥ ಹೀಟ್ ಟ್ಯಾಗ್ ಅಂಟಿಸಿರುತ್ತಾರೆ. ಅತಿಯಾಗಿ ಬಿಸಿಯಾದರೆ ಅದರ ನಡುಭಾಗ ಕರಗುತ್ತದೆ. ಅದು ಸರಿಯಿದ್ದರೆ ನಿಮ್ಮ ಕೈ ಮೇಲೆ, ಅದಕ್ಕೂ ಫೋಟೋ ತೆಗೆದಿಡಿ.

ಇನ್ನು ಮಾರಿದವರೂ ಕೂರಿಸಿದವರೂ ತಪ್ಪನ್ನು ಒಬ್ಬರ ಮೇಲೊಬ್ಬರು ಹಾಕುತ್ತಾರೆ, ಅದು ಇದ್ದದ್ದೇ. ಹಾಗಾಗಿ ಇಬ್ಬರಿಗೂ ಸಂಬಂಧವಿಲ್ಲದ ಮೂರನೆಯವರಿಂದ ಪರೀಕ್ಷೆ ಮಾಡಿಸಿ. ಆಯಿಲ್ ಫಿಲ್ಟರ್ ಕತ್ತರಿಸಿ ಲೋಹದ ಚೂರು ಇದೆಯಾ ನೋಡಲಿ. ಚೂರು ಸಿಕ್ಕರೆ, ಹಳೇ ಎಂಜಿನ್ನಿನ ಆಯಿಲ್ ಕೂಲರನ್ನು (ಆಯಿಲ್ ತಣಿಸುವ ಭಾಗ) ಸರಿಯಾಗಿ ತೊಳೆಯದೆ ಹಾಗೇ ಜೋಡಿಸಿದ್ದಾರಾ ಅಂತ ಕೇಳಿ. ಹಳೇ ಚೂರುಗಳು ಅದರೊಳಗೆ ಉಳಿದು ಹೊಸ ಬೇರಿಂಗನ್ನು ತಿನ್ನುವುದುಂಟು. ಹಾಗಿದ್ದರೆ ತಪ್ಪು ಕೂರಿಸಿದವರದು, ಮಾರಿದವರದಲ್ಲ.

ವಾರಂಟಿ ಕಾಗದದಲ್ಲಿ ಕೂಲಿ ಸೇರಿದೆಯಾ ಅಂತಲೂ ನೋಡಿ. ಎಷ್ಟೋ ಸಲ ಎಂಜಿನ್ ಮಾತ್ರ ಕೊಟ್ಟು ಇಳಿಸಿ ಏರಿಸುವ ಖರ್ಚನ್ನು ನಿಮ್ಮ ತಲೆಗೇ ಕಟ್ಟುತ್ತಾರೆ. ಒಪ್ಪುವ ಮುಂಚೆ ಅದನ್ನೂ ಕೇಳಿ ಬರೆಸಿಕೊಳ್ಳಿ.