ಐವತ್ತು ವರ್ಷ ಎಲ್ಲಿತ್ತು ಈ ವೈರಸ್ಸು? ಅಪ್ಪನ ಸರ್ಪಸುತ್ತು, ಮಗಳ ತುಟಿಗುಳ್ಳೆ

ಪ್ರಶ್ನೆ: ಸರ್, ನಮ್ಮಪ್ಪಂಗೆ 61 ವರ್ಷ. ಹೋದ ತಿಂಗಳು ಎಡಗಡೆ ಪಕ್ಕೆಲಿ ಸರ್ಪಸುತ್ತು ಆಯ್ತು. ಚಿಕ್ಕವರಿದ್ದಾಗ ಅಮ್ಮ (ಚಿಕನ್ ಪಾಕ್ಸ್) ಆಗಿತ್ತಲ್ಲ, ಅದೇ ವೈರಸ್ಸು ನರದಲ್ಲಿ ಮಲಗಿತ್ತು, ಈಗ ಎದ್ದಿದೆ ಅಂದ್ರು ಡಾಕ್ಟ್ರು. ಅಪ್ಪಂಗೆ ಅಮ್ಮ ಆಗಿದ್ದು ಮೂರನೇ ಕ್ಲಾಸಲ್ಲಂತೆ! ಐವತ್ತು ವರ್ಷ ಸುಮ್ನೆ ಇರೋಕೆ ಹೆಂಗೆ ಸಾಧ್ಯ? ನಂಗೂ ವರ್ಷಕ್ಕೆ ಎರಡು ಮೂರು ಸಲ ತುಟಿ ಮೇಲೆ ಅದೇ ಜಾಗದಲ್ಲಿ ಜ್ವರದ ಗುಳ್ಳೆ ಏಳುತ್ತೆ, ಅದೂ ಇದೂ ಒಂದೇನಾ? ಪೂರ್ತಿ ಓಡಿಸೋ ಮಾತ್ರೆ ಇಲ್ವಾ? ಹಾವಿನ ತಲೆ ಬಾಲ ಕೂಡಿದ್ರೆ ಉಳಿಯಲ್ಲ ಅಂತ ಅಜ್ಜಿ ಬೇರೆ ಹೆದರಿಸ್ತಿದಾರೆ. (ಹೆಸರು ಬೇಡ, ಚಿತ್ರದುರ್ಗ)

ಉತ್ತರ: ಮೊದಲು ಅಜ್ಜಿ ಮಾತು ಮುಗಿಸಿಬಿಡೋಣ, ಯಾಕಂದ್ರೆ ಅದರಲ್ಲೇ ಅರ್ಧ ಉತ್ತರ ಇದೆ. ಅಪ್ಪನ ಗುಳ್ಳೆ ಸಾಲು ಬೆನ್ನಲ್ಲಿ ಎಲ್ಲಿ ಶುರುವಾಗಿ ಎಲ್ಲಿ ನಿಂತಿದೆ ಒಂದ್ಸಲ ನೋಡಿ, ಬೆನ್ನುಮೂಳೆ ಹತ್ರ ಶುರುವಾಗಿ ಪಕ್ಕೆ ಸುತ್ತಿಕೊಂಡು ಮುಂದೆ ಹೊಟ್ಟೆ ಮಧ್ಯದ ಗೆರೆಗೆ ಬಂದು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ನಿಂತುಬಿಟ್ಟಿರುತ್ತೆ. ಎಡಗಡೆ ಪಟ್ಟಿಗೆ ಒಂದು ನರ, ಬಲಗಡೆ ಪಟ್ಟಿಗೆ ಬೇರೆ ನರ. ವೈರಸ್ ಎದ್ದಿರೋದು ಎಡಗಡೆ ನರದ ಬುಡದಲ್ಲಿ, ಹಾಗಾಗಿ ಎಡಗಡೆನೇ ಉರಿ. ಎರಡೂ ಕಡೆ ಒಟ್ಟಿಗೆ ಬರೋದು ತುಂಬಾ ಅಪರೂಪ, ಬಂದ್ರೂ ತಲೆ ಬಾಲ ಕೂಡಿತು ಅಂತ ಯಾರೂ ಸಾಯಲ್ಲ. ಈ ಪಟ್ಟಿಗಳಿಗೂ ನರದ ಬುಡಕ್ಕೂ ಇರೋ ಸಂಬಂಧವನ್ನ 1900ರಲ್ಲಿ ಇಂಗ್ಲೆಂಡಿನ ಇಬ್ಬರು ಡಾಕ್ಟ್ರು ಪೋಸ್ಟ್‌ಮಾರ್ಟಂ ಮಾಡಿ ತೋರಿಸಿದ್ರು, ಅವರಲ್ಲೊಬ್ಬರ ಹೆಸರು ಹೆನ್ರಿ ಹೆಡ್. ಹಾವಿನ ತಲೆ ಹುಡುಕೋಕೆ ಹೆಡ್ ಅನ್ನೋರೇ ಬರಬೇಕಾಯ್ತು ನೋಡಿ!

ಈಗ ನಿಮ್ಮ ಮುಖ್ಯ ಪ್ರಶ್ನೆ. ವೈರಸ್ ಮಲಗಿತ್ತು ಅನ್ನೋ ಮಾತು ನಂಗೆ ಅಷ್ಟು ಹಿಡಿಸಲ್ಲ. ಮಲಗಿದ್ದಕ್ಕೆ ಉಸಿರಾದ್ರೂ ಇರುತ್ತೆ. ಅಪ್ಪನ ನರಕೋಶದೊಳಗೆ ಇಷ್ಟು ವರ್ಷ ಇದ್ದಿದ್ದು ಪೂರ್ತಿ ವೈರಸ್ ಅಲ್ವೇ ಅಲ್ಲ, ಅದರ ಡಿಎನ್‌ಎ ಮಾತ್ರ. ಮೇಲಿನ ಚಿಪ್ಪಿಲ್ಲ, ಪೊರೆ ಇಲ್ಲ, ಮರಿ ಹಾಕೋದಿಲ್ಲ. ಅಡುಗೆ ಪುಸ್ತಕ ಬೀರುವಲ್ಲಿದೆ, ಅಡುಗೆ ಮನೆ ಒಲೆ ಹಚ್ಚೇ ಇಲ್ಲ, ಆ ಥರ.

ಅಲ್ಲಿಗೆ ಹೋಗಿದ್ದು ಹೆಂಗೆ ಅಂದ್ರೆ, ಮೂರನೇ ಕ್ಲಾಸಲ್ಲಿ ಮೈತುಂಬ ಗುಳ್ಳೆ ಎದ್ದಾಗ ಚರ್ಮದಲ್ಲಿರೋ ನರದ ತುದಿಗಳೊಳಗೆ ವೈರಸ್ ನುಗ್ಗುತ್ತೆ (ರಕ್ತದ ದಾರಿಲೂ ಒಂದಿಷ್ಟು ಹೋಗುತ್ತೆ ಅಂತಾರೆ). ನರಕೋಶ ಅಂದ್ರೆ ಬಾಲ ಇರೋ ಕೋಶ, ಕಾಲಿನ ಹೆಬ್ಬೆರಳನ್ನ ಮುಟ್ಟಿರೋ ನರದ ಕೋಶ ಕೂತಿರೋದು ಬೆನ್ನುಮೂಳೆ ಪಕ್ಕ, ನರದ ಬುಡದ ಒಂದು ಗಂಟಿನಲ್ಲಿ, ಅಂದ್ರೆ ಬಾಲವೇ ಸುಮಾರು ಒಂದು ಮೀಟರ್! ಆ ಬಾಲದೊಳಗೆ ಹಳಿ ಥರ ಸಣ್ಣ ಎಳೆಗಳಿವೆ, ಅದರ ಮೇಲೆ ಸಾಮಾನು ಹೊರೋ ಡೈನೀನ್ ಅನ್ನೋ ಪ್ರೊಟೀನ್ ಇದೆ, ನಮ್ಮದೇ ಕೂಲಿ, ವೈರಸ್ ಟಿಕೆಟ್ ಇಲ್ಲದೆ ಅದರ ಬೆನ್ನೇರಿ ಗಂಟಿನವರೆಗೂ ಬರುತ್ತೆ. ನಿಮ್ಮ ತುಟಿಗುಳ್ಳೆದು ಬೇರೆ ವೈರಸ್ಸು, ಹರ್ಪಿಸ್ ಸಿಂಪ್ಲೆಕ್ಸ್, ಅಪ್ಪಂದು ವೇರಿಸೆಲ್ಲಾ ಜೋಸ್ಟರ್, ಒಂದೇ ವಂಶ ಬೇರೆ ಮನೆ ಅನ್ನಿ. ನಿಮ್ಮದು ಕೂತಿರೋದು ತಲೆಬುರುಡೆ ತಳದಲ್ಲಿ, ಮುಖದ ನರದ ಗಂಟಿನಲ್ಲಿ. ನಿಮಗೆ ಮಾತ್ರ ಅಂತ ಬೇಜಾರು ಬೇಡ, ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕದಲ್ಲಿ 50 ವರ್ಷದೊಳಗಿನವರಲ್ಲೇ ಸುಮಾರು 380 ಕೋಟಿ ಜನರ ಒಳಗಿದೆ ಈ ನಿಮ್ಮ ತುಟಿ ವೈರಸ್ಸು, ಬಹಳ ಜನಕ್ಕೆ ಗುಳ್ಳೆನೇ ಏಳಲ್ಲ.

ಚರ್ಮದ ಕೋಶಕ್ಕೆ ಹೋದ ವೈರಸ್ ಕೆಲವೇ ಗಂಟೆಲಿ ಮರಿ ಹಾಕಿ ಕೋಶವನ್ನ ಕೊಂದುಬಿಡುತ್ತೆ, ನರಕೋಶದಲ್ಲಿ ಯಾಕೆ ತೆಪ್ಪಗಾಗುತ್ತೆ? ಒಂದು ಕಾರಣ ದಾರಿಯ ಉದ್ದ. ಸಿಂಪ್ಲೆಕ್ಸ್ ವೈರಸ್ ತನ್ನ ಜೀನ್‌ಗಳನ್ನ ಸ್ಟಾರ್ಟ್ ಮಾಡೋಕೆ ಒಂದು ಪ್ರೊಟೀನನ್ನ ಜೊತೆಗೇ ತರುತ್ತೆ, ಅಷ್ಟುದ್ದ ಬರೋ ಹೊತ್ತಿಗೆ ಅದು ದಾರೀಲೇ ಉಳಿದುಹೋಗುತ್ತೆ, ಬೀಗದ ಕೈ ಮರೆತು ಊರಿಗೆ ಬಂದ ಹಾಗೆ. ಅಷ್ಟರಲ್ಲಿ ನರಕೋಶ ಆ ಡಿಎನ್‌ಎನ ತನ್ನ ಹಿಸ್ಟೋನ್ ಅನ್ನೋ ಪ್ರೊಟೀನ್ ಉಂಡೆಗಳಿಗೆ ಬಿಗಿಯಾಗಿ ಸುತ್ತಿಟ್ಟುಬಿಡುತ್ತೆ. ಎಂಬತ್ತರ ಆಸುಪಾಸಿನ ಜೀನ್‌ಗಳಲ್ಲಿ ಹೆಚ್ಚುಕಮ್ಮಿ ಎಲ್ಲವೂ ಬಂದ್, ಒಂದು ಜಾಗದಿಂದ ಮಾತ್ರ ಲ್ಯಾಟ್ ಅನ್ನೋ ಒಂದು ನಕಲು ಚೀಟಿ, ಅಂದ್ರೆ ಆರ್‌ಎನ್‌ಎ ಹೊರಡ್ತಾನೇ ಇರುತ್ತೆ, 1987ರಲ್ಲಿ ಗೊತ್ತಾಗಿದ್ದು. ತಮಾಷೆ ಏನಂದ್ರೆ ಆ ಲ್ಯಾಟ್ ಮಿಕ್ಕ ಜೀನ್‌ಗಳನ್ನ ಮುಚ್ಚಿಡೋಕೂ ನರಕೋಶ ಸಾಯದ ಹಾಗೆ ನೋಡ್ಕೊಳೋಕೂ ಸಹಾಯ ಮಾಡುತ್ತೆ, ಅಂದ್ರೆ ಬಾಡಿಗೆದಾರನೇ ಮನೆ ರಿಪೇರಿ ಮಾಡಿಸ್ತಿದಾನೆ.

ಇನ್ನೊಂದು ಕಾರಣ ನಮ್ಮದು. ಚರ್ಮದ ಕೋಶ ಸತ್ರೆ ನಾಳೆ ಇನ್ನೊಂದು ಹುಟ್ಟುತ್ತೆ, ನರಕೋಶ ಹುಟ್ಟಲ್ಲ, ಅಪ್ಪಂಗೆ ಮಗುವಾಗಿದ್ದಾಗ ಇದ್ದಿದ್ದೇ ಇವತ್ತಿಗೂ ಇರೋದು. ಸೋಂಕು ಹಿಡಿದ ಕೋಶನೆಲ್ಲ ಕೊಲ್ಲುತ್ತೀನಿ ಅಂತ ಟಿ ಸೆಲ್‌ಗಳು (ರೋಗದ ವಿರುದ್ಧ ಹೋರಾಡೋ ರಕ್ತದ ಬಿಳಿಕಣಗಳು) ಹೊರಟ್ರೆ ಮುಖವೇ ಜೋಮು ಹಿಡಿದುಹೋಗುತ್ತೆ. ಅದಕ್ಕೇ ಇಲಿಗಳಲ್ಲಿ ನೋಡಿದಾಗ ಟಿ ಸೆಲ್‌ಗಳು ಆ ನರದ ಗಂಟಿನಲ್ಲಿ ನರಕೋಶದ ಸುತ್ತ ಕಾವಲು ಕೂತಿರ್ತಾವೆ, ಬಾಯಿ ಮುಚ್ಚಿಸ್ತಾವೆ, ಕೊಲ್ಲಲ್ಲ. ನನ್ನ ಪ್ರಕಾರ ಇದು ವೈರಸ್ಸಿನ ಚಾಲಾಕಿತನ ಅನ್ನೋದಕ್ಕಿಂತ ಎರಡೂ ಕಡೆಯವರ ರಾಜಿ.

ರಾಜಿ ಮುರಿಯೋದು ನರಕೋಶಕ್ಕೆ ಕಷ್ಟ ಬಂದಾಗ. ಜ್ವರ, ಸುಡು ಬಿಸಿಲು, ನಿದ್ದೆಗೆಟ್ಟ ವಾರ, ಕೆಲವರಿಗೆ ಮುಟ್ಟಿನ ದಿನಗಳು. ಕೋಶದೊಳಗೆ ಒತ್ತಡದ ಸಿಗ್ನಲ್ ಎದ್ದಾಗ ಆ ಬಿಗಿ ಸುತ್ತು ಸಡಿಲ ಆಗುತ್ತೆ, ಜೀನ್‌ಗಳು ಶುರುವಾಗ್ತಾವೆ, ಹೊಸ ವೈರಸ್ ಹುಟ್ಟಿ ಹೋದ ಹಳಿ ಮೇಲೇ ವಾಪಸ್ ಇಳಿಯುತ್ತೆ. ಗುಳ್ಳೆ ಏಳೋಕೆ ಮುಂಚೆ ಒಂದು ದಿನ ತುಟಿ ಚುರುಚುರು ಅನ್ನುತ್ತಲ್ಲ, ಅದು ಅದೇ ಬರ್ತಿರೋ ಸೂಚನೆ, ಅದೇ ನರ ಆದ್ದರಿಂದ ಅದೇ ಜಾಗ. ನಮ್ಮಮ್ಮ ರಾತ್ರಿ ಯಾವುದೋ ಹುಳ ಹರಿದಿದೆ ಅಂತಿದ್ರು, ಹರಿದಿದ್ದೇನೋ ನಿಜ, ಒಳಗಡೆಯಿಂದ. ಹರ್ಪಿಸ್ ಅನ್ನೋ ಪದದ ಗ್ರೀಕ್ ಮೂಲಕ್ಕೂ ತೆವಳೋದು ಅಂತಲೇ ಅರ್ಥ!

ಅಪ್ಪಂದರಲ್ಲಿ ವಯಸ್ಸಿನ ಪಾತ್ರ ದೊಡ್ಡದು. ಈ ವೈರಸ್ಸಿಗೆ ಅಂತಲೇ ಇರೋ ಟಿ ಸೆಲ್ ಕಾವಲು 50 ದಾಟಿದ ಮೇಲೆ ತೆಳುವಾಗ್ತಾ ಹೋಗುತ್ತೆ. ಇಂಗ್ಲೆಂಡಿನ ಹೋಪ್-ಸಿಂಪ್ಸನ್ ಅನ್ನೋ ಫ್ಯಾಮಿಲಿ ಡಾಕ್ಟ್ರು ತಮ್ಮ ಊರಿನ ಪೇಷಂಟ್‌ಗಳನ್ನ 16 ವರ್ಷ ಬರೆದಿಟ್ಟು 1965ರಲ್ಲಿ ಇದನ್ನೇ ಹೇಳಿದ್ರು, ಸರ್ಪಸುತ್ತು ಹೊರಗಿಂದ ಹೊಸದಾಗಿ ಅಂಟೋದಲ್ಲ, ಒಳಗಿದ್ದ ಅಮ್ಮನೇ ಕಾವಲು ತೆಳುವಾದಾಗ ಏಳೋದು ಅಂತ.

ಮಾತ್ರೆ ವಿಷಯ. ಅಸೈಕ್ಲೊವಿರ್ (ಇದರ ಹಿಂದಿದ್ದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಬಂತು) ವೈರಸ್ಸಿನದೇ ಒಂದು ಎಂಜೈಮ್ ಮುಟ್ಟಿದಾಗ ಮಾತ್ರ ಚಾಲೂ ಆಗುತ್ತೆ. ಮುಚ್ಚಿಟ್ಟ ಡಿಎನ್‌ಎ ಎಂಜೈಮೇ ಮಾಡಲ್ವಲ್ಲ, ಹಾಗಾಗಿ ಮಾತ್ರೆ ಎದ್ದ ವೈರಸ್ಸನ್ನ ತಡೆಯುತ್ತೆ, ನರದ ಗಂಟಿನಲ್ಲಿರೋದನ್ನ ಮುಟ್ಟಲ್ಲ. ಜೀನ್ ಕತ್ತರಿಸೋ ವಿಧಾನದಲ್ಲಿ ಇಲಿಗಳ ನರಗಂಟಿಂದ ಬಹಳಷ್ಟು ಸಿಂಪ್ಲೆಕ್ಸ್ ಡಿಎನ್‌ಎ ತೆಗೆದಿದಾರೆ, ಮನುಷ್ಯರಿಗೆ ಇನ್ನೂ ಇಲ್ಲ. ಸರ್ಪಸುತ್ತಿಗೆ ಗುಳ್ಳೆ ಎದ್ದ 72 ಗಂಟೆಯೊಳಗೆ ಮಾತ್ರೆ ಶುರುವಾದ್ರೆ ಒಳ್ಳೇದು, ಎಷ್ಟೋ ಮನೇಲಿ ಆ ಮೂರು ದಿನ ಕೆಮ್ಮಣ್ಣು ಹಚ್ಚೋದ್ರಲ್ಲೇ ಹೋಗಿಬಿಡುತ್ತೆ, ನಂಗೆ ಸಿಟ್ಟು ಬರೋದು ಅದಕ್ಕೇ. ಹಣೆ, ಮೂಗಿನ ತುದಿಲಿ ಗುಳ್ಳೆ ಎದ್ರಂತೂ ಅವತ್ತೇ ಕಣ್ಣಿನ ಡಾಕ್ಟ್ರ ಹತ್ರ ಓಡಿ, ಅದೇ ನರ ಕಣ್ಣಿಗೂ ಹೋಗುತ್ತೆ. ಗುಳ್ಳೆ ಒಣಗಿ ಮೂರು ತಿಂಗಳಾದ ಮೇಲೂ ಅಪ್ಪಂಗೆ ಬಟ್ಟೆ ತಾಗಿದ್ರೆ ಉರಿ ಅಂದ್ರೆ ಅದು ಪೆಟ್ಟಾದ ನರದ ನೋವು, ಅದಕ್ಕೆ ಬೇರೆ ಔಷಧಿ ಇದೆ, ಸಹಿಸ್ಕೊಂಡು ಕೂರಬೇಡಿ. 50 ದಾಟಿದವರಿಗೆ ಶಿಂಗ್ರಿಕ್ಸ್ ಲಸಿಕೆ 2023ರಿಂದ ನಮ್ಮಲ್ಲೂ ಸಿಗ್ತಿದೆ, ಎರಡು ಡೋಸು, ದುಬಾರಿ, ಒಮ್ಮೆ ಸರ್ಪಸುತ್ತು ಆದವರೂ ವಾಸಿಯಾದ ಮೇಲೆ ತಗೋಬಹುದು, ಡಾಕ್ಟ್ರನ್ನ ಕೇಳಿ.

ನಿಮಗೆ, ಚುರುಚುರು ಅಂದ ದಿನವೇ ಡಾಕ್ಟ್ರು ಹೇಳಿದ ಮಾತ್ರೆ ಶುರು ಮಾಡಿದ್ರೆ ಬೇಗ ಮುಗಿಯುತ್ತೆ. ಮನೇಲಿ ಹಸುಗೂಸು ಇದ್ರೆ ಗುಳ್ಳೆ ಪೂರ್ತಿ ಒಣಗೋವರೆಗೂ ಮುತ್ತು ಕೊಡಬೇಡಿ, ಎಳೆ ಮಕ್ಕಳಿಗೆ ಇದೇ ವೈರಸ್ ಪ್ರಾಣಕ್ಕೆ ಬರಬಹುದು.