ಸಿಸ್ಟರ್ ಕೈಯ ರಟ್ಟಿನ ಚೂರು

ಮುಂಬೈ ಮುಲುಂಡಿನ ಓದುಗರೊಬ್ಬರು ಬರೆದಿದ್ದಾರೆ: "ನನ್ನ ಮಗ ಐರೋಲಿಯಲ್ಲಿ ಆಸ್ಪತ್ರೆಗಳಿಗೆ ಸಾಫ್ಟ್‌ವೇರ್ ಮಾಡುತ್ತಾನೆ. ಯಾವ ಔಷಧ ಕೊಡಬೇಕು, ಯಾವುದು ಕೂಡದು ಎಂದು ಅದೇ ಡಾಕ್ಟರಿಗೆ ಹೇಳುತ್ತದೆ. ನೀವೋ ತಿಂಗಳು ತಿಂಗಳು ಕಂಪ್ಯೂಟರನ್ನು ಬೈಯುತ್ತೀರಿ. ಐದು ಡಾಕ್ಟರು ಐದು ಮಾತಾಡುವುದಕ್ಕಿಂತ ಕಂಪ್ಯೂಟರಿನ ಒಂದೇ ಮಾತು ವಾಸಿಯಲ್ವಾ?"

ರಾಯರೇ, ತಿಂಗಳು ತಿಂಗಳು ಅಂದದ್ದು ಸ್ವಲ್ಪ ಜಾಸ್ತಿಯಾಯಿತು. ಮಗನ ಕೆಲಸ ದಂಡ ಎಂದು ನಾನು ಹೇಳುವುದಿಲ್ಲ. 1972ರಲ್ಲೇ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಡಿ ಡೊಂಬಾಲ್ ಎಂಬ ಡಾಕ್ಟರ್ ಮತ್ತವರ ಜೊತೆಯವರು ಹೊಟ್ಟೆನೋವಿನ 304 ರೋಗಿಗಳ ವಿವರ ಕಂಪ್ಯೂಟರಿಗೆ ಕೊಟ್ಟು ನೋಡಿದರು. ನೂರಕ್ಕೆ ಸುಮಾರು 92 ಸಲ ಅದು ಹೇಳಿದ್ದು ಸರಿಯಾಯಿತು. ಹಿರಿಯ ಡಾಕ್ಟರರದ್ದು 80. ಒಪ್ಪಿದೆ. ಆದರೆ ಎಲ್ಲಿ ನೋವು, ಯಾವಾಗಿಂದ ಎಂದು ಕೇಳಿ ಬರೆದುಕೊಂಡವರು ಮನುಷ್ಯರೇ.

ಈಗ 2013ಕ್ಕೆ ಬನ್ನಿ. ಅಮೆರಿಕದ ಒಂದು ದೊಡ್ಡ ಆಸ್ಪತ್ರೆ. 16 ವರ್ಷದ ಹುಡುಗ. ಕೊಡಬೇಕಾದದ್ದು ಒಂದೇ ಒಂದು ಮಾತ್ರೆ. ಡಾಕ್ಟರ್ 160 ಮಿಲಿಗ್ರಾಂ ಎಂದುಕೊಂಡು 160 ಒತ್ತಿದರು. ಕಂಪ್ಯೂಟರ್ ಅದನ್ನು ಮೈತೂಕದ ಒಂದೊಂದು ಕಿಲೋಗೂ 160 ಎಂದು ಓದಿಕೊಂಡಿತು. ಡೋಸ್ ಜಾಸ್ತಿ ಎಂದು ಎಚ್ಚರಿಕೆಯನ್ನೂ ಕೊಟ್ಟಿತು. ಡಾಕ್ಟರ್ ಅದನ್ನು ದಾಟಿಸಿದರು, ಫಾರ್ಮಸಿಸ್ಟೂ ದಾಟಿಸಿದರು. ರೋಬೋಟ್ ಅಚ್ಚುಕಟ್ಟಾಗಿ ಕಟ್ಟಿಟ್ಟಿತು. ನರ್ಸ್‌ಗೆ ಅನುಮಾನ ಬಂತು. ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಮೆಷೀನು ಸರಿ ಎಂದಿತು. ಹುಡುಗ 38½ ಮಾತ್ರೆ ನುಂಗಿದ! ಫಿಟ್ಸ್ ಬಂತು. ಪುಣ್ಯಕ್ಕೆ ಉಳಿದ.

ನಮ್ಮ ಮನೆಯದೇ ಒಂದು ಕೇಳಿ. ಅಕ್ಕ ಕಾಲು ಮುರಿದುಕೊಂಡು ಉಪನಗರದ ಒಂದು ಆಸ್ಪತ್ರೆಯಲ್ಲಿ ಮಲಗಿದ್ದಳು. ಹಾರ್ಟ್ ಡಾಕ್ಟರ್ ರಕ್ತ ತೆಳುವಾಗುವ ಮಾತ್ರೆ ಬರೆದಿದ್ದರು, ಮೂಳೆ ಡಾಕ್ಟರ್ ನೋವಿನ ಮಾತ್ರೆ. ಎರಡೂ ಸೇರಿದರೆ ಒಳಗೆ ರಕ್ತ ಸೋರುವ ಭಯ. ಕಂಪ್ಯೂಟರ್ ಸುಮ್ಮನಿರಲಿಲ್ಲ, ಕೆಂಪಗಾಗಿತ್ತು. ಆದರೆ ಮಾತುಮಾತಿಗೂ ಕೆಂಪಗಾಗುವ ಪರದೆಯನ್ನು ಯಾರು ಓದುತ್ತಾರೆ? ಲೋಕಲ್ ರೈಲಿನಲ್ಲಿ "ಅಗಲಾ ಸ್ಟೇಷನ್" ಎನ್ನುವ ದನಿ ನಿಮ್ಮ ಕಿವಿಗೆ ಬಿದ್ದು ಎಷ್ಟು ವರ್ಷವಾಯಿತು?

ಹಿಡಿದವರು ರಾತ್ರಿಪಾಳಿಯ ಮಲಯಾಳಿ ಸಿಸ್ಟರ್. ಟ್ರೇಯಲ್ಲಿ ಎರಡು ಸ್ಟ್ರಿಪ್ ಅಕ್ಕಪಕ್ಕ ಕಂಡವು, ಅಷ್ಟೇ. ಗ್ಲೌಸಿನ ಡಬ್ಬಿಯ ರಟ್ಟು ಹರಿದು ಎರಡೂ ಹೆಸರು ಬರೆದುಕೊಂಡು, ಹನ್ನೊಂದು ಗಂಟೆಗೆ ಇಬ್ಬರಿಗೂ ಫೋನ್ ಮಾಡಿದರು. ಒಬ್ಬರು ಗದರಿದರು. ಇನ್ನೊಬ್ಬರು ನೋವಿನ ಮಾತ್ರೆ ಬದಲಿಸಿದರು. ಆ ಕೆಂಪು ಎಚ್ಚರಿಕೆ ಸಿಸ್ಟರ್ ಪರದೆಗೆ ಬರುವುದೇ ಇಲ್ಲವಂತೆ! ಅವರಿಗೆ ಕಾಣುವುದು ಹೊತ್ತು ಮತ್ತು ಡೋಸ್ ಮಾತ್ರ. ಬರೆಯುವವರಿಗೆ ಬುದ್ಧಿ ಹೇಳುತ್ತದೆ, ಕೊಡುವವರಿಗೆ ಬಾಯಿ ಮುಚ್ಚಿಸುತ್ತದೆ. ಡಾಕ್ಟರ್, ಸಿಸ್ಟರ್, ಕಂಪ್ಯೂಟರ್ ಸೇರಿದ ಟೀಮು ಇದಾ?

ಆಸ್ಪತ್ರೆ ಒಂದೇ ಅಲ್ಲ ಬಿಡಿ. ಬ್ಯಾಂಕಿಗೆ ನಾನು ಬದುಕಿದ್ದೇನೆ ಎಂದು ತೋರಿಸಲು ಹೋದೆ. ಸವೆದ ಹೆಬ್ಬೆರಳನ್ನು ಮೆಷೀನು ಒಪ್ಪಲಿಲ್ಲ. ಹತ್ತು ವರ್ಷದಿಂದ ನನ್ನನ್ನು ಬಲ್ಲ ಕೌಂಟರಿನ ಹುಡುಗಿ, "ಅಂಕಲ್, ಸಿಸ್ಟಮ್ ಮೇ ನಹೀ ಆ ರಹಾ" ಎಂದಳು. ಅವಳೆದುರೇ ನಿಂತಿದ್ದೆ ಮಾರಾಯರೇ!

ಮಗನನ್ನು ಒಂದು ಮಾತು ಕೇಳಿ: ಅವನು ಮಾಡಿದ್ದರಲ್ಲಿ ಆ ಎಚ್ಚರಿಕೆ ಸಿಸ್ಟರ್‌ಗೂ ಕಾಣುತ್ತದಾ? ಏನಂದ ಎಂದು ಬರೆಯಿರಿ. ಈ ಸಲದ ಹಾಗೆ ಇನ್‌ಲೆಂಡಿನಲ್ಲೇ ಬರೆಯಿರಿ, ನಿಮ್ಮ ಅಕ್ಷರ ದುಂಡಗಿದೆ.