ಗದಗಿನ ಸಣ್ಣ ಕಾಲೇಜಿನಲ್ಲಿ ಡಿಎಂಎಲ್‌ಟಿ (ಲ್ಯಾಬ್ ಟೆಕ್ನಿಷಿಯನ್ ಡಿಪ್ಲೊಮಾ) ಸೀಟು ಸಿಕ್ಕಿದೆ. ಸೇರಲೋ, ಬೆಂಗಳೂರಿಗೆ ಹೋಗಲೋ?

ಇದೇ ಪ್ರಶ್ನೆ ಹಿಡಿದು ಒಂದು ಬೇಸಿಗೆ ಪೂರ್ತಿ ಕೂತಿದ್ದೆ ನಾನು. ಕೊನೆಗೆ ಗದಗ ಜಿಲ್ಲೆಯ ಸಣ್ಣ ಪ್ಯಾರಾಮೆಡಿಕಲ್ ಕಾಲೇಜಿಗೇ ಸೇರಿದೆ. ಅಲ್ಲಿ ನನಗೆ ಪೆಟ್ಟು ಕೊಟ್ಟದ್ದು ಒಂದು ನೇರಳೆ ಮುಚ್ಚಳದ ಟ್ಯೂಬು.

ಎರಡನೇ ವರ್ಷ, ಆಸ್ಪತ್ರೆ ಪೋಸ್ಟಿಂಗ್. ಮುಂಡರಗಿ ಕಡೆಯ ಅಜ್ಜ, ಕೈಗೆ ಸಿಗದಷ್ಟು ಸಣ್ಣ ರಕ್ತನಾಳ. ಸಿರಿಂಜಿಗೆ ಬಂದ ರಕ್ತದಿಂದ ಸಿಬಿಸಿಗೆಂದು (ರಕ್ತಕಣಗಳ ಎಣಿಕೆ) ಮೊದಲು ನೇರಳೆ ಟ್ಯೂಬು ತುಂಬಿಸಿದೆ. ಪೊಟ್ಯಾಸಿಯಂ, ಕ್ಯಾಲ್ಸಿಯಂ ನೋಡುವ ಕೆಂಪು ಮುಚ್ಚಳದ್ದಕ್ಕೆ ಉಳಿದದ್ದು 2 ಎಂಎಲ್. ಮತ್ತೆ ಚುಚ್ಚಲು ಮನಸ್ಸಾಗದೆ ನೇರಳೆಯಿಂದ ಅರ್ಧ ಎಂಎಲ್ ಕೆಂಪಿಗೆ ಸುರಿದೆ. ಎರಡೂ ಒಬ್ಬರದೇ ರಕ್ತವಲ್ಲವೇ ಅಂದುಕೊಂಡೆ.

ನೇರಳೆ ಟ್ಯೂಬಿನ ಒಳಗೋಡೆಗೆ ಹಚ್ಚಿರುವುದು ಕೆ2 ಇಡಿಟಿಎ, ಅಂದರೆ ಪೊಟ್ಯಾಸಿಯಂ ಲವಣ. ಅದು ಕ್ಯಾಲ್ಸಿಯಂ ಹಿಡಿದಿಟ್ಟುಕೊಳ್ಳುವುದರಿಂದಲೇ ರಕ್ತ ಹೆಪ್ಪುಗಟ್ಟುವುದಿಲ್ಲ. ಆ ರಕ್ತ ಕೆಂಪು ಟ್ಯೂಬಿಗೆ ಬೆರೆತರೆ ಪೊಟ್ಯಾಸಿಯಂ ಸುಳ್ಳೇ ಏರುತ್ತದೆ, ಕ್ಯಾಲ್ಸಿಯಂ ಸುಳ್ಳೇ ಇಳಿಯುತ್ತದೆ. ಮೆಗ್ನೀಸಿಯಂ, ಸತುವನ್ನೂ ಅದು ಹಿಡಿಯುತ್ತದಾದ್ದರಿಂದ ಅವಿಲ್ಲದೆ ಕೆಲಸ ಮಾಡದ ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವ ಕೂಡ ಕಡಿಮೆ ಬರುತ್ತದೆ. ಅಜ್ಜನ ಪೊಟ್ಯಾಸಿಯಂ 7.2 ಬಂತು, ಇರಬೇಕಾದ್ದು 3.5ರಿಂದ 5. ಕ್ಯಾಲ್ಸಿಯಂ 4.1, ಇರಬೇಕಾದ್ದು 8.5ರಿಂದ 10.5. ಅದನ್ನು ನಂಬಿ ವಾರ್ಡಿನಲ್ಲಿ ಪೊಟ್ಯಾಸಿಯಂ ಇಳಿಸಲು ಇನ್ಸುಲಿನ್, ಗ್ಲೂಕೋಸ್ ಕೊಟ್ಟಿದ್ದರೆ ಸರಿಯಿದ್ದ ಪೊಟ್ಯಾಸಿಯಂ ಕುಸಿದು ಎದೆಬಡಿತ ತಪ್ಪುವ ಅಪಾಯವಿತ್ತು.

ಹಿರಿಯ ಟೆಕ್ನಿಷಿಯನ್ ಎರಡೂ ಅಂಕಿ ಒಟ್ಟಿಗೆ ನೋಡಿ ಹಿಡಿದರು. “ಇದು ಅಜ್ಜಾಂದು ಪೊಟ್ಯಾಸಿಯಂ ಅಲ್ಲ, ಟ್ಯೂಬಿಂದು. ಏನ್ ಮಾಡೀದಿ, ಖರೇ ಹೇಳು” ಅಂದರು. ಹೇಳಿದೆ. ಒಂದು ತಿಂಗಳು ಸೂಜಿ ಮುಟ್ಟಗೊಡಲಿಲ್ಲ, ಹೆಸರು ಬರೆಯುವ ರಿಜಿಸ್ಟರ್ ಕೊಟ್ಟು ಕೂರಿಸಿದರು. ಕೈ ಪಳಗಬೇಕಾದ ತಿಂಗಳು ಹಾಗೇ ಹೋಯಿತು.

ತುಂಬಿಸುವ ಕ್ರಮ ಈಗಲೇ ಬಾಯಿಪಾಠ ಮಾಡಿ: ನೀಲಿ, ಕೆಂಪು, ನೇರಳೆ, ಬೂದು. ನೀಲಿಯದರಲ್ಲಿ ಹೆಪ್ಪು ತಡೆಯುವ ಸಿಟ್ರೇಟ್ ದ್ರವದ 1 ಪಾಲಿಗೆ 9 ಪಾಲು ರಕ್ತ ಬೇಕು. ಗೆರೆ ಮುಟ್ಟದಿದ್ದರೆ ಪಿಟಿ, ಅಂದರೆ ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯ, ಸುಳ್ಳೇ ಹೆಚ್ಚು ತೋರಿಸುತ್ತದೆ. ತೋಳಿಗೆ ಬಿಗಿದ ಪಟ್ಟಿ 1 ನಿಮಿಷ ದಾಟಬಾರದು. ಸಿರಿಂಜನ್ನು ಜೋರಾಗಿ ಒತ್ತಿದರೆ ಕೆಂಪು ಕಣ ಒಡೆದು ಅದರೊಳಗಿನ ಪೊಟ್ಯಾಸಿಯಂ ಹೊರಬರುತ್ತದೆ, ಮತ್ತೆ ಅದೇ ಗೋಳು. ರಕ್ತ ಸಾಲದಿದ್ದರೆ ಕ್ಷಮೆ ಕೇಳಿ ಇನ್ನೊಮ್ಮೆ ಚುಚ್ಚಿ. ಟ್ಯೂಬಿನಿಂದ ಟ್ಯೂಬಿಗೆ ಮಾತ್ರ ಸುರಿಯಬೇಡಿ.

ಬೆಂಗಳೂರಿನ ಮಾತಿಗೆ ಬಂದರೆ, ನೀವು ಊರಿನ ಹೆಸರು ತೂಗುತ್ತಿದ್ದೀರಿ. ಅದನ್ನು ಬಿಟ್ಟುಬಿಡಿ ನೋಡ್ರಿ. ದಿನಕ್ಕೆ ನೂರು ಸ್ಯಾಂಪಲ್ ಬರುವ ಲ್ಯಾಬಿನಲ್ಲಿ ವಿದ್ಯಾರ್ಥಿಗಳಿಗೆ ರಕ್ತ ತೆಗೆಯಲು ಬಿಡುತ್ತಾರೆ ಅಂದರೆ ಗದಗೇ ಸಾಕು. ದೊಡ್ಡ ಕಟ್ಟಡವಿದ್ದೂ ಇಪ್ಪತ್ತು ಮಂದಿಗೆ ಒಂದು ಮೈಕ್ರೋಸ್ಕೋಪು ಅಂದರೆ ಬೆಂಗಳೂರಾದರೂ ಬೇಡ. ಡಿಪ್ಲೊಮಾಕ್ಕೆ ಕರ್ನಾಟಕದ ಪ್ಯಾರಾಮೆಡಿಕಲ್ ಬೋರ್ಡಿನ ಮಾನ್ಯತೆ ಇದೆಯೇ ಎಂಬುದನ್ನು ಫೀ ಕಟ್ಟುವ ಮೊದಲು ಬೋರ್ಡಿನಲ್ಲೇ ವಿಚಾರಿಸಿ. ಕಾಲೇಜಿನವರು ತೋರಿಸುವ ಝೆರಾಕ್ಸ್ ನಂಬಬೇಡಿ.

ಒಂದು ಸೋಮವಾರ ಬೆಳಗ್ಗೆ 8ಕ್ಕೆ ಕಾಲೇಜಿನ ಆಸ್ಪತ್ರೆಗೆ ಹೋಗಿ, ಹಸಿದ ಹೊಟ್ಟೆಯಲ್ಲಿ ಶುಗರ್ ಪರೀಕ್ಷೆಗೆ ಬಂದವರ ಸಾಲಿನ ಪಕ್ಕ ಅರ್ಧ ತಾಸು ನಿಲ್ಲಿ. ಸೂಜಿ ಯಾರ ಕೈಯಲ್ಲಿದೆ, ಅವರ ಹಿಂದೆ ಹಿರಿಯರೊಬ್ಬರು ನಿಂತಿದ್ದಾರೆಯೇ, ನೋಡಿಕೊಂಡು ಬನ್ನಿ.